ಕುತ್ತಿನ್ಯಾಗ ಅದಾರ

ಪುಣೆ
೧೨ ಜುಲೈ ೧೯೩೬

ಅವ್ವನ ಪಾದಕ್ಕೆ ಗುಡ್ಡಿಯ ನಮಸ್ಕಾರ. ಈ ಕಾಗದ ಓದಿ ಹೇಳುವ ಜಯಪಾಲ ಮಾಸ್ತರರಿಗೂ ಅದರಲ್ಲಿ ಪಾಲಿದೆ, ಅವರು ತೆಗೆದುಕೊಳ್ಳಲಿ.

ಊಟ, ವಸತಿ ಎಲ್ಲ ನೆಟ್ಟಗಿದೆ. ಇಲ್ಲಿನ ರೊಟ್ಟಿ ರೊಟ್ಟಿಯಲ್ಲ, ಅದೊಂದು ಬಿಟ್ಟರೆ ದೂರಿಲ್ಲ. ವಸತಿಗೃಹದ ಹುಡುಗಿಯರು ಮೊದಲ ದಿನ ನನ್ನ ಹೆಸರು ಕೇಳಿ ನಕ್ಕರು. ಮರುದಿನ ನಾನು ಅವರ ಹೆಸರು ಒಂದೊಂದಾಗಿ ಕೇಳಿ ನಕ್ಕೆ. ಈಗ ಸರಿಹೋಗಿದೆ.

ಎಂ.ಎ. ಪರೀಕ್ಷೆಗೆ ನಾನೊಂದು ಪ್ರಬಂಧ ಬರೆಯಬೇಕು, ಅದರ ವಿಷಯ ಆರಿಸಿಕೊಂಡೆ. ತುರ್ಕಸ್ತಾನದ ಒಟ್ಟೋಮನ್ ಸುಲ್ತಾನರ ರಾಜ್ಯ, ಅದರ ಕೊನೆಯ ಕಾಲ. ನಮ್ಮ ಪ್ರೊಫೆಸರರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಗೋಕಾಕ ತಾಲೂಕಿನ ಹುಡುಗಿಗೆ ಇಸ್ತಂಬೂಲಿನ ಉಸಾಬರಿ ಯಾಕೆ? ಪೇಶವೆಯರ ದಫ್ತರ ಇಲ್ಲೇ ಇದೆ, ಅದರಲ್ಲಿ ಏನಾದರೂ ಹುಡುಕು" ಎಂದರು. "ನಮ್ಮಪ್ಪನನ್ನು ಪೇಶವೆಯರು ಹಿಡಿದುಕೊಂಡು ಹೋಗಲಿಲ್ಲ ಸರ್" ಎಂದೆ. ಅವರು ಇನ್ನೊಮ್ಮೆ ಕನ್ನಡಕ ಒರೆಸಿದರು. ಕೊನೆಗೆ, ಆಧಾರವಿಲ್ಲದೆ ಒಂದು ಸಾಲು ಬರೆದರೂ ಹೊಡೆದುಹಾಕುತ್ತೇನೆ ಎಂದು ಹೇಳಿ ಒಪ್ಪಿದರು.

ನಾನು ನಿನ್ನ ಹೊಟ್ಟೆಯಲ್ಲಿದ್ದಾಗ ಅಪ್ಪ ಮಹಾಯುದ್ಧಕ್ಕೆಂದು ಬೆಳಗಾವಿಯ ಪಲ್ಟನ್ನಿನ ಜೊತೆ ಹಡಗು ಹತ್ತಿದ, ಇರಾಕಿನ ಬಸರೆಯಲ್ಲಿ ಇಳಿದ, ತುರ್ಕರ ಕೈಗೆ ಸಿಕ್ಕ. ನಮ್ಮ ಮನೆಯ ಚರಿತ್ರೆ ಇಷ್ಟೇ. ಅವನನ್ನು ಹಿಡಿದ ರಾಜ್ಯ ಎಂಥದು, ಯಾರದು, ಎಲ್ಲಿಗೆ ಹೋಯಿತು ಎಂದು ನಮ್ಮ ಮಮದಾಪುರದಲ್ಲಿ ಒಬ್ಬರೂ ಕೇಳಲಿಲ್ಲ. ನಾನು ಕೇಳುತ್ತೇನೆ.

ಒಂದು ಸಂಗತಿ ಓದಿ ನಿನ್ನ ನೆನಪಾಯಿತು. ಯುರೋಪಿನ ರಾಜರು ಈ ರಾಜ್ಯಕ್ಕೆ 'ರೋಗಿ' ಎಂದು ಹೆಸರಿಟ್ಟಿದ್ದರಂತೆ. ಇವತ್ತೋ ನಾಳೆಯೋ ಸಾಯುತ್ತಾನೆ ಎಂದು ಹಾಸಿಗೆಯ ಸುತ್ತ ಕೂತು, ಯಾವ ಪ್ರಾಂತ ಯಾರಿಗೆಂದು ಆಗಲೇ ಹಂಚಿಕೊಳ್ಳುತ್ತಿದ್ದರು. ರೋಗಿ ಮಾತ್ರ ಕಣ್ಣು ಬಿಟ್ಟು ನೋಡುತ್ತಲೇ ಇದ್ದ.

ನಿನ್ನ ಗುಡ್ಡಿ


ಮಮದಾಪುರ
೨ ಆಗಸ್ಟ್ ೧೯೩೬

ಚಿ. ಗುಡ್ಡವ್ವಳಿಗೆ ಜಯಪಾಲ ಮಾಸ್ತರನ ಆಶೀರ್ವಾದ. ನಿನ್ನ ತಾಯಿ ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತಿದ್ದೇನೆ. 'ಇತ್ತ ಎಲ್ಲರೂ ಕ್ಷೇಮ' ಎಂದು ಶುರು ಮಾಡಿದ್ದೆ. "ಕ್ಷೇಮ ಅಂತ ಬರೀಬ್ಯಾಡ್ರಿ ಮಾಸ್ತರ, ಎಮ್ಮಿ ಮೇವ ಮುಟ್ಟವಲ್ದು" ಎಂದು ಹೊಡೆಸಿಹಾಕಿದಳು. ಎಮ್ಮೆಯ ಹೊರತು ಎಲ್ಲರೂ ಕ್ಷೇಮ.

ನೀನು ತುರ್ಕರ ಚರಿತ್ರೆ ಓದುತ್ತೀ ಎಂಬ ಸುದ್ದಿ ಊರು ತಿರುಗಿದೆ. ಪಿಂಜಾರ ಹುಸೇನಸಾಬ ಗಾದಿಗೆ ಅರಳೆ ತುಂಬುವುದು ಬಿಟ್ಟು ಬಂದು, "ಊರಾಗ ನಮ್ಮನ್ನ ತುರ್ಕರು ಅಂತಾರ. ನಮ್ಮ ಚರಿತ್ರಿ ಕಲಿಯಾಕ ಪುಣೆ ತನಕಾ ಯಾಕ ಹೋದಳವ್ವಾ? ನನ್ನ ಕೇಳಿದ್ರ ನಾನ ಹೇಳತಿದ್ನಿ, ಅರ್ಧಾ ತಾಸಿನ್ಯಾಗ ಮುಗೀತಿತ್ತು" ಎಂದ. ಆ ತುರ್ಕರೇ ಬೇರೆ, ಈ ತುರ್ಕರೇ ಬೇರೆ ಎಂದು ತಿಳಿಹೇಳಿದೆ. ಅವನಿಗೆ ಸ್ವಲ್ಪ ಬೇಜಾರಾಯಿತು.

ರೋಗಿಯ ಕಥೆ ನಿನ್ನ ತಾಯಿಗೆ ಬಹಳ ಹಿಡಿಸಿತು. "ಸಾಯೂಕಿಂತ ಮೊದಲ ಸುತ್ತ ಕೂಡೂ ಮಂದಿ ನಮ್ಮ ಮನ್ಯಾಗೂ ಅದಾರ ಅಂತ ಬರೀರಿ" ಎಂದಳು. ಬರೆದೆ. "ಆ ರೋಗಿ ಕಡೀಕ ಸತ್ತನೇನು, ಕೇಳ್ರಿ" ಎಂದಳು. ಅದನ್ನೂ ಬರೆದೆ.

"ನಿಮ್ಮಪ್ಪ ಕುತ್ತಿನ್ಯಾಗ ಅದಾರ. ನಾ ಅಮಾಸಿಗೊಮ್ಮಿ ಬುತ್ತಿ ನಿವಾಳಿಸಿ ಒಗೀತೇನಿ. ನೀ ನಿನ್ನ ಓದು ನೋಡ್ಕೋ" ಎನ್ನುತ್ತಾಳೆ.

ಇಲ್ಲಿಂದ ಮುಂದಿನದು ಆಕೆ ಬೇಡವೆಂದರೂ ನಾನು ಬರೆಯುತ್ತಿರುವುದು. ನಿನ್ನ ದೊಡ್ಡಪ್ಪ ಉದ್ದಪ್ಪ ತನ್ನ ಮಗನಿಗೆ ಹುಕ್ಕೇರಿಯಿಂದ ಹೆಣ್ಣು ತರುತ್ತಿದ್ದಾನೆ. ಬೀಗರು ನಿನ್ನ ತಾಯಿಯ ಹಣೆ ನೋಡಿ, "ಈಕಿ ಗಂಡ ಇಪ್ಪತ್ತು ವರ್ಷದಿಂದ ಇಲ್ಲ, ಕುಂಕುಮ ಐತಿ. ಈಕಿ ಮುತ್ತೈದಿಯೋ ಏನೋ ಒಂದು ಹೇಳ್ರಿ" ಎಂದರಂತೆ. ಅಂದಿನಿಂದ ಉದ್ದಪ್ಪ ಕುಂಕುಮ ಒರೆಸು, ಬಳೆ ತೆಗೆ, ತಮ್ಮನ ದಿನಕರ್ಮ ಮಾಡಿ ಮುಗಿಸೋಣ ಎಂದು ಹಟ ಹಿಡಿದಿದ್ದಾನೆ. ನಿನ್ನ ತಾಯಿ ಎಮ್ಮೆಯ ಚಿಂತೆ ಮಾಡುತ್ತಿರುವಂತೆ ನಟಿಸುತ್ತಾಳೆ.

ಜಯಪಾಲ


ಪುಣೆ
೨೦ ಸಪ್ಟೆಂಬರ್ ೧೯೩೬

ಅವ್ವಾ,

ರೋಗಿ ಸತ್ತ. ಆದರೆ ಅವರು ಹೇಳಿದ ದಿನ ಸಾಯಲಿಲ್ಲ. ರೋಗಿ ಎಂದು ಹೆಸರಿಟ್ಟ ರಶಿಯಾದ ಚಕ್ರವರ್ತಿ ಸತ್ತ, ಅವನ ಮಗ ಸತ್ತ, ಮೊಮ್ಮಗ ಸತ್ತ. ಮರಿಮಗನ ಕಾಲಕ್ಕೆ ಅವರ ಸಿಂಹಾಸನವೇ ಮುರಿಯಿತು. ಆಮೇಲೂ ಐದು ವರ್ಷ ಇಸ್ತಂಬೂಲಿನಲ್ಲಿ ಸುಲ್ತಾನನಿದ್ದ. ಪುಸ್ತಕ ಬರೆದವರೆಲ್ಲ ಆ ರಾಜ್ಯ ಹೇಗೆ ಸತ್ತಿತು ಎಂದೇ ಬರೆದಿದ್ದಾರೆ. ಸತ್ತಿತೆಂದು ಎಲ್ಲರೂ ಕೈ ತೊಳೆದುಕೊಂಡ ಮೇಲೆ ಎಪ್ಪತ್ತು ವರ್ಷ ಹೇಗೆ ಬದುಕಿತು ಎಂದು ನಾನು ಬರೆಯುತ್ತೇನೆ. ಪ್ರೊಫೆಸರರಿಗೆ ಹೇಳಿದೆ. ಅವರು ಮತ್ತೆ ಕನ್ನಡಕ ತೆಗೆದರು.

ಎಮ್ಮೆ ಹೇಗಿದೆ?

ಮಾಸ್ತರರೇ, ಇಲ್ಲಿಂದ ಮುಂದೆ ನಿಮಗೆ ಮಾತ್ರ. ಅವ್ವನಿಗೆ ಓದಬೇಡಿರಿ.

ಯುದ್ಧದ ಚರಿತ್ರೆ ಓದುತ್ತಿದ್ದಾಗ ಒಂದು ನಕಾಶೆ ಸಿಕ್ಕಿತು. ಬಸರೆಯಿಂದ ಮೇಲೆ, ತೈಗ್ರಿಸ್ ಎಂಬ ಹೊಳೆಯ ತಿರುವಿನಲ್ಲಿ ಒಂದು ಊರಿದೆ. ಅದರ ಹೆಸರು ಕುತ್. ನಮ್ಮ ಪಲ್ಟನ್ನುಗಳು ಆ ಊರಿನೊಳಗೆ ಸಿಕ್ಕಿಬಿದ್ದವು, ಸುತ್ತ ತುರ್ಕರು ಕೂತರು, ಐದು ತಿಂಗಳು ಅನ್ನ ಹೋಗಲಿಲ್ಲ, ೧೯೧೬ರ ಏಪ್ರಿಲಿನಲ್ಲಿ ಶರಣಾದರು. ಪಲ್ಟನ್ನಿನ ಗುಮಾಸ್ತ ಗೋಕಾಕದಲ್ಲಿ ಅವ್ವನಿಗೆ ಅಂದು ಹೇಳಿದ ಮಾತು ನಿಮಗೆ ಗೊತ್ತು. "ಭೀಮರಾಯ ಕುತ್‌ದಾಗ ಅದಾನ." ಅವನು ಹೇಳಿದ್ದು ಊರಿನ ಹೆಸರು ಮಾಸ್ತರರೇ! ಅವ್ವ ಕೇಳಿಸಿಕೊಂಡದ್ದು ಕುತ್ತು ಎಂದು, ಜೀವಕ್ಕೆ ಬಂದ ಗಂಡಾಂತರ ಎಂದು. ಇಪ್ಪತ್ತು ವರ್ಷ ಆಕೆ ಬಾಗಿಲಲ್ಲಿ ನಿಂತು ಬುತ್ತಿ ನಿವಾಳಿಸಿ ಹೊಳೆಯ ದಿಕ್ಕಿಗೆ ಎಸೆದದ್ದು ಒಂದು ಊರಿನ ಹೆಸರಿಗೆ. ಇದನ್ನು ನಾನು ಯಾವ ಬಾಯಿಂದ ಹೇಳಲಿ? ಆ ಒಂದು ಮಾತಿನ ಮೇಲೆ ಆಕೆಯ ಕುಂಕುಮ ನಿಂತಿದೆ. ನನ್ನ ಓದೇ ಅದನ್ನು ಒರೆಸುವ ಕೈ ಆಗುತ್ತದೆಯೇ ಎಂದು ಹೆದರಿಕೆಯಾಗುತ್ತದೆ.

ಗುಡ್ಡವ್ವ


ಮಮದಾಪುರ
೧೧ ಅಕ್ಟೋಬರ್ ೧೯೩೬

ಚಿ. ಗುಡ್ಡವ್ವಳಿಗೆ ಆಶೀರ್ವಾದ.

ಓದಬೇಡಿ ಎಂದದ್ದನ್ನು ನಾನು ಓದಲಿಲ್ಲ. ಕಾಗದ ಮಡಿಸಿ ಕಿಸೆಯಲ್ಲಿಟ್ಟೆ. ನಿನ್ನ ತಾಯಿ ಹತ್ತಿ ಬಿಡಿಸುತ್ತಲೇ, "ಹಾಳಿ ತುಂಬ ಬರದಾಳ, ನೀವು ಅರ್ಧಾ ಹಾಳಿ ಓದೀರಿ. ಉಳದದ್ದು ನಿಮ್ಮ ಕಿಸೇಕ ಬರದಾಳೇನ್ರಿ?" ಎಂದಳು. ನಲವತ್ತು ಹುಡುಗರನ್ನು ಹೆದರಿಸುವ ನಾನು ಆಕೆಯ ಮುಂದೆ ಸೋತೆ. ಎಲ್ಲವನ್ನೂ ಓದಿದೆ. ನನ್ನನ್ನು ಬೈದುಕೋ.

ಅಳುತ್ತಾಳೆಂದು ತಿಳಿದಿದ್ದೆ. ಅಳಲಿಲ್ಲ. ಹತ್ತಿಯ ಬುಟ್ಟಿ ಬದಿಗಿಟ್ಟು, "ಊರಂದ ಮ್ಯಾಲೆ ಅಲ್ಲಿ ಮಂದಿ ಇದ್ದಿರಬೇಕಲ್ಲ. ಹೆಂಗಸರು, ಕೂಸುಗಳು. ಎರಡೂ ದಂಡಿನ ನಡುವ ಸಿಕ್ಕು ಅವರದೇನಾತು? ಅದನ್ನ ಓದಾಳೇನು ಕೇಳ್ರಿ" ಎಂದಳು. ಬುಟ್ಟಿಯನ್ನು ಮತ್ತೆ ಎಳೆದುಕೊಂಡು, "ನಮ್ಮವರು ಕುದರಿ ಮಾಂಸ ಮುಟ್ಟಿರಾಕಿಲ್ಲ ಬಿಡು" ಎಂದಳು. ನಿನ್ನ ತಾಯಿಯದು ಕೂಸಿನಂಥ ಮನಸ್ಸು, ಅವಳಿಗೆ ಇದರ ಗುರುತ್ವ ತಿಳಿಯಲಿಲ್ಲವೆಂದೇ ನನ್ನ ಅಭಿಪ್ರಾಯ. ಈ ಅಮಾವಾಸ್ಯೆಗೂ ಬುತ್ತಿ ಕಟ್ಟಲು ಜೋಳ ಹಸನು ಮಾಡುತ್ತಿದ್ದಾಳೆ.

ಉದ್ದಪ್ಪ ಹೊಸ ದಾರಿ ಹಿಡಿದಿದ್ದಾನೆ. "ಗುಡ್ಡಿ ತುರ್ಕರ ಚರಿತ್ರಿ ಓದಾಕತ್ತಾಳಲ್ಲ. ನನ್ನ ತಮ್ಮ ಸತ್ತಾನ ಅಂತ ಕಾಲೇಜಿನ ಹಾಳಿ ಮ್ಯಾಲೆ ಆಕೀನ ಬರದ ಕೊಡ್ಲಿ. ಹುಕ್ಕೇರಿ ಬೀಗರೂ ಒಪ್ಪತಾರ, ಸತ್ತೆವ್ವನೂ ಮಗಳ ಮಾತ ಮೀರೂದಿಲ್ಲ" ಎನ್ನುತ್ತಾನೆ. ಲಗ್ನ ಜನವರಿಯಲ್ಲಿ. ನಿನ್ನ ಒಂದು ಸಾಲಿಗಾಗಿ ಅವರೆಲ್ಲ ಕಾಯುತ್ತಿದ್ದಾರೆ.

ಜಯಪಾಲ


ಪುಣೆ
೬ ಡಿಸೆಂಬರ್ ೧೯೩೬

ಅವ್ವಾ,

ಮಾಸ್ತರರನ್ನು ನಾನು ಬೈಯುವುದಿಲ್ಲ. ನಿನ್ನ ಮುಂದೆ ನಾನೂ ಅಷ್ಟೇ ಹೊತ್ತು ನಿಲ್ಲುತ್ತಿದ್ದೆ. ಕುದುರೆಯ ಸುದ್ದಿ ನಾನು ಬರೆದಿರಲಿಲ್ಲ, ಮಾಸ್ತರರು ಎಲ್ಲೋ ಓದಿ ನಿನಗೆ ಹೇಳಿರಬೇಕು. ಅದು ಖರೆ. ಕಾಳು ತೀರಿದ ಮೇಲೆ ಕುದುರೆಗಳನ್ನು ಕೊಯ್ದರು. ನಮ್ಮ ಕಡೆಯ ಸಿಪಾಯಿಗಳು ಬಹಳ ದಿನ ಮುಟ್ಟಲಿಲ್ಲ.

ಊರವರದೇನಾಯಿತು ಎಂದು ಕೇಳಿದೆಯಲ್ಲ, ಎರಡು ತಿಂಗಳು ಅದನ್ನೇ ಹುಡುಕಿದೆ. ದಪ್ಪ ದಪ್ಪ ಪುಸ್ತಕಗಳಲ್ಲಿ ಯಾವ ಸಾಹೇಬ ಯಾವ ಹೊತ್ತಿಗೆ ಯಾವ ತಾರು ಕಳಿಸಿದ ಎಂಬುದೆಲ್ಲ ಇದೆ. ಊರಿನವರಿಗೆ ಎರಡು ಸಾಲು. ಇಂಗ್ಲಿಷರಿಗೆ ನೆರವಾದರೆಂದು ತುರ್ಕರು ಮರಳಿ ಬಂದು ಕೆಲವರನ್ನು ಗಲ್ಲಿಗೆ ಹಾಕಿದರು. ಯಾರನ್ನು, ಎಷ್ಟು ಮಂದಿಯನ್ನು, ಒಂದೊಂದು ಪುಸ್ತಕ ಒಂದೊಂದು ಹೇಳುತ್ತದೆ. ಹೆಸರುಗಳಂತೂ ಇಲ್ಲ. ನೀನು ಕೇಳದಿದ್ದರೆ ಆ ಎರಡು ಸಾಲನ್ನು ನಾನೂ ದಾಟಿ ಹೋಗುತ್ತಿದ್ದೆ. ನನ್ನ ಪ್ರಬಂಧದಲ್ಲಿ ಅವರಿಗೊಂದು ಅಧ್ಯಾಯ ಇಟ್ಟಿದ್ದೇನೆ.

ನಮ್ಮ ಸಿಪಾಯಿಗಳದೂ ಹಾಗೇ. ಶರಣಾದವರನ್ನು ಮರಳುಗಾಡಿನಲ್ಲಿ ನಡೆಸಿಕೊಂಡು ಬಡಗಣಕ್ಕೆ ಒಯ್ದರು. ಜರ್ಮನರ ದುಡ್ಡಿನಲ್ಲಿ ಸುಲ್ತಾನ ಬಗದಾದಿಗೆ ಹಾಸುತ್ತಿದ್ದ ರೈಲು ಹಾದಿಯಲ್ಲಿ ಕಲ್ಲು ಹೊರಿಸಿದರು. ಬಹಳ ಮಂದಿ ಸತ್ತರು, ಕೆಲವರು ಬದುಕಿ ಬಂದರು. ಸಾಹೇಬರ ಹೆಸರುಗಳು ಒಂದೂ ಬಿಡದೆ ಅಚ್ಚಾಗಿವೆ. ಭೀಮರಾಯನ ಹೆಸರು ನಾನು ನೋಡಿದ ಎಲ್ಲಿಯೂ ಇಲ್ಲ. ಇದಕ್ಕಿಂತ ಹೆಚ್ಚು ನನ್ನನ್ನು ಕೇಳಬೇಡ.

ಇನ್ನು ಮುಂದಿನದು ದೊಡ್ಡಪ್ಪನಿಗೆ. ಮಾಸ್ತರರು ಕಟ್ಟೆಯ ಮೇಲೆ ನಿಂತು ಗಟ್ಟಿಯಾಗಿ ಓದಲಿ.

ದೊಡ್ಡಪ್ಪಾ, ಅಪ್ಪನ ಹೆಬ್ಬೆಟ್ಟು ಒತ್ತಿಸಿಕೊಂಡು ಕರೆದೊಯ್ದ ಸರಕಾರ ಅವನು ಸತ್ತನೆಂದು ಇವತ್ತಿನವರೆಗೂ ಬರೆದುಕೊಟ್ಟಿಲ್ಲ. ಹಿಡಿದ ಸುಲ್ತಾನನೂ ಬರೆದಿಲ್ಲ, ಅವನು ರಾಜ್ಯ ಕಳೆದುಕೊಂಡು ಓಡಿಹೋದ. ಎರಡು ದೊಡ್ಡ ಸರಕಾರಗಳು ಬರೆಯದ ಮಾತನ್ನು ನಾನು ಬರೆಯಬೇಕೇ? ನಿಮ್ಮ ಮಗನ ಲಗ್ನದ ಹಂದರ ಚೆಂದ ಕಾಣಲಿ ಎಂದು? ಬರೆಯುವುದಿಲ್ಲ. ಕಾಲೇಜಿನ ಹಾಳೆ ನನ್ನ ಓದಿಗಿದೆ, ನಿಮ್ಮ ಬೀಗರ ಸಮಾಧಾನಕ್ಕಲ್ಲ. ಅವ್ವನ ಹಣೆಯ ಹತ್ತಿರ ಯಾರ ಕೈಯೂ ಹೋಗಬಾರದು. ಹೋಯಿತೆಂದು ನನಗೆ ತಿಳಿದರೆ ಓದು ಅರ್ಧಕ್ಕೆ ಬಿಟ್ಟು ಬಂದು ನಿಮ್ಮ ಬಾಗಿಲಲ್ಲಿ ಕೂಡುತ್ತೇನೆ, ಮತ್ತೆ ಏಳುವುದಿಲ್ಲ.

ಗುಡ್ಡವ್ವ ಭೀಮರಾಯ


ಪುಣೆ
೧೮ ಜನವರಿ ೧೯೩೭

ಅವ್ವಾ,

ಎರಡು ಕಾಗದ ಹಾಕಿದೆ, ಉತ್ತರವಿಲ್ಲ. ಲಗ್ನ ಮುಗಿದಿರಬೇಕು. ಅಂಚೆಯವನ ದಾರಿ ಕಾದು ಕಾದು ವಸತಿಗೃಹದ ಹುಡುಗಿಯರ ಬಾಯಿಗೆ ಬಿದ್ದಿದ್ದೇನೆ, ಯಾರ ಕಾಗದ ಎಂದು ಚೇಷ್ಟೆ ಮಾಡುತ್ತಾರೆ. ದೊಡ್ಡಪ್ಪನಿಗೆ ಬರೆದದ್ದು ಹೆಚ್ಚಾಯಿತೇ? ನನ್ನ ಸಿಟ್ಟನ್ನು ಅವರು ನಿನ್ನ ಮೇಲೆ ತೀರಿಸಿಕೊಂಡರೇ? ಮಾಸ್ತರರೇ, ಒಂದು ಕಾರ್ಡಾದರೂ ಬರೆಯಿರಿ.

ಗುಡ್ಡಿ


ಮಮದಾಪುರ
೩ ಫೆಬ್ರುವರಿ ೧೯೩೭

ಚಿ. ಗುಡ್ಡವ್ವಳಿಗೆ ಆಶೀರ್ವಾದ.

ತಡವಾದದ್ದು ನನ್ನಿಂದಲ್ಲ. ದಿನವೂ ಶಾಲೆ ಬಿಟ್ಟ ಮೇಲೆ ದೌತಿ, ಲೇಖನಿ ಹಿಡಿದು ಹೋದೆ. "ಇವತ್ತ ಬ್ಯಾಡ್ರಿ" ಎನ್ನುತ್ತಿದ್ದಳು. ಇವತ್ತು ತಾನೇ ಹೇಳಿಕಳಿಸಿದಳು.

ನಿನ್ನ ಕಾಗದವನ್ನು ಕಟ್ಟೆಯ ಮೇಲೆಯೇ ಓದಿದೆ. ಒಂದಕ್ಷರ ಬಿಡಲಿಲ್ಲ. ಉದ್ದಪ್ಪ ಎದ್ದು ಹೋದ. ಆಮೇಲೆ ನಿನ್ನ ತಾಯಿಯನ್ನು ಲಗ್ನಕ್ಕೆ ಕರೆಯಲಿಲ್ಲ. ಕರೆಯದಿದ್ದರೂ ಆಕೆ ಹೋದಳು. ಹಸಿರು ಇಳಕಲ್ ಸೀರೆ, ಕೈತುಂಬ ಬಳೆ. ಮದುಮಕ್ಕಳನ್ನು ನೀರೆರೆಯಲು ಕೂಡಿಸಿ, ಸುತ್ತ ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಟ್ಟು ಐದು ಮಂದಿ ಮುತ್ತೈದೆಯರು ಸುರಗಿಯ ನೂಲು ಸುತ್ತಬೇಕಲ್ಲ, ಆ ಹೊತ್ತಿಗೆ ಸರಿಯಾಗಿ ಹೋಗಿ ನಿಂತಳು. ನಾಲ್ವರು ನಿಂತಿದ್ದರು. ಹೆಣ್ಣಿನ ಸೋದರತ್ತೆ ಹಣಮವ್ವ ನೂಲಿನ ಉಂಡೆ ಹಿಡಿದು, "ಈಕಿ ಯಾವ ಲೆಕ್ಕದಾಕಿ?" ಎಂದು ಕೇಳಿದಳು. ನಿನ್ನ ತಾಯಿ, "ನನ್ನ ಲೆಕ್ಕ ನನಗ ಬಿಡವ್ವಾ. ನೂಲು ಕೊಡು, ಹುಡುಗಿ ಬಿಸಿಲಾಗ ಕುಂತೈತಿ" ಎಂದಳು. ಹಣಮವ್ವ ಅವಳ ಮುಖ ನೋಡಿದಳು. ಏನು ಕಂಡಳೋ, ಉಂಡೆ ಕೊಟ್ಟಳು.

ಇನ್ನು ಮುಂದಿನದೆಲ್ಲ ನಿನ್ನ ತಾಯಿಯ ಮಾತು. ನಡುವೆ ನನ್ನ ಕೈ ನಿಂತಿತು. "ಬರೀರಿ ಮಾಸ್ತರ" ಎಂದು ಗದರಿಸಿದಳು.

"ಗುಡ್ಡೀ, ನೀನು ಮಾಸ್ತರರು ಕೂಡಿ ನನ್ನ ದಡ್ಡಿ ಮಾಡೀರಿ. ಕುತ್ ಅಂಬೂದು ಊರಂತ ನನಗ ಹತ್ತೊಂಬತ್ತನೇ ಇಸವ್ಯಾಗ ಗೊತ್ತಾಗೇತಿ. ಮಸಗುಪ್ಪಿ ಲಕ್ಕಪ್ಪ ಅದ ಪಲ್ಟನ್ನಿನಾಗಿದ್ದ. ತಿರುಗಿ ಬಂದು ಮೊದಲ ನನ್ನ ಕಡೆ ಬಂದ. ಅಂವನ ಹೇಳಿದ, ಅಕ್ಕಾ, ಕುತ್ತಲ್ಲ, ಕುತ್ ಅಂತ ಊರು, ಅದನ್ನ ದಾಟಿದ್ವಿ, ನಡಕೋತ ಹೋದ್ವಿ, ರಾಸಲೈನದಾಗ ನಿನ್ನ ಗಂಡ ತೀರಕೊಂಡ, ನಾನ ಮಣ್ಣ ಕೊಟ್ಟೇನಿ. ರೈಲಿನ ಕೆಲಸದಾಗ ಜ್ವರಾ ಬಂದಿತ್ತಂತ. ಮೊದಲ ಸೊರಗಿದ್ದರಂತ. ಕುದರಿ ತಿನ್ನು ಅಂದ್ರ ತಿನಲಿಲ್ಲಂತ. ಹಟಮಾರಿ. ನೀ ಅವರ ಮಗಳು, ನಿನಗ ಹೇಳೂದು ಬ್ಯಾಡ.

"ನಾ ಲಕ್ಕಪ್ಪನ ಕೈಯಾಗ ದೇವರ ಭಂಡಾರದ ಅರಿಷಿಣ ಇಟ್ಟು ಆಣಿ ಹಾಕಿಸಿಕೊಂಡ್ನಿ, ಯಾರ ಮುಂದೂ ಬಾಯಿ ಬಿಡಬಾರದಂತ. ಪುಣ್ಯಾತ್ಮ, ಸಾಯೂ ತನಕಾ ಬಿಡಲಿಲ್ಲ.

"ಯಾಕಂತ ಕೇಳತಿ. ನನಗಾಗ ಇಪ್ಪತ್ತೆರಡು. ನಮ್ಮ ಮಂದ್ಯಾಗ ಗಂಡ ಸತ್ತಾಕೀಗಿ ಉಡಿಕಿ ಮಾಡಿ ಇನ್ನೊಬ್ಬಗ ಕೊಡತಾರ. ನಿಮ್ಮ ದೊಡ್ಡಪ್ಪ ಹೆಂಡತಿ ಸತ್ತಾಂವನ ಒಬ್ಬನ ನೋಡಿ ಇಟ್ಟಿದ್ದ. ಉಡಿಕಿ ತಪ್ಪಂತ ನಾ ಅನ್ನೂದಿಲ್ಲ, ಬೇಕಂದಾಕಿ ಆಗ್ಲಿ. ಆದ್ರ ಉಡಿಕಿ ಆದಾಕಿ ಮೊದಲಿನ ಗಂಡನ ಕೂಸ ಆ ಮನ್ಯಾಗ ಬಿಟ್ಟ ಹೋಗಬೇಕು. ನೀ ನಾಲ್ಕ ವರ್ಷದಾಕಿ. ನಾ ಹೋದ್ರ ನೀ ಅವರ ಮನಿ ದನಾ ಕಾಯತಿದ್ದಿ, ಸಾಲಿ ಕಾಣತಿದ್ದಿಲ್ಲ. ಅದಕ್ಕ ಆ ಗುಮಾಸ್ತನ ಮಾತ ನಾ ಗಟ್ಟ್ಯಾಗಿ ಹಿಡಕೊಂಡ್ನಿ. ಅವರು ಕುತ್ತಿನ್ಯಾಗ ಅದಾರ. ಕುತ್ತಿನ್ಯಾಗ ಇದ್ದಾಂವನ ಹೆಂಡತೀನ ಯಾರಿಗಿ ಕೊಡತಾರ? ಅಮಾಸಿಗೊಮ್ಮಿ ಊರ ಕಾಣೂಹಂಗ ಬುತ್ತಿ ನಿವಾಳಿಸಿದ್ನಿ. ನಿಮ್ಮಪ್ಪಗಲ್ಲ ಅದು. ನಿನಗ.

"ಈಗ ನೀ ದೊಡ್ಡಾಕಿ ಆದಿ. ನನ್ನ ಕೈಯಾಗಿಂದ ನಿನ್ನ ಯಾರೂ ಕಸಗೊಳ್ಳಾಕ ಆಗೂದಿಲ್ಲ. ಬರೀಲಾರೆ ಅಂತ ನೀ ಕಟ್ಟಿ ಮ್ಯಾಲೆ ಓದಿಸಿದ್ಯಲ್ಲ, ಅವತ್ತ ನನಗ ಅಳು ಬಂತು, ಇಷ್ಟು ವರ್ಷದಾಗ ಅವತ್ತೊಂದ ದಿನ. ನೀ ಬರೀಲಿಲ್ಲ, ಒಳ್ಳೇದಾತು. ಈಗ ನಾ ಹೇಳತೇನಿ, ಬರಿ. ಭೀಮರಾಯ ಸತ್ತಾರ. ನಿನ್ನ ಪುಸ್ತಕದಾಗ ಅವರ ಹೆಸರ ಹಾಕು. ಉದ್ದಪ್ಪ ಓದಿಸಿ ಕೇಳಿದ್ರ ಕೇಳ್ಲಿ. ಸತ್ತಾರ ಅಂತ ನಾನ ಹೇಳತೇನಿ, ಕುಂಕುಮಾನೂ ನಾನ ಹಚ್ಕೋತೇನಿ. ಇಪ್ಪತ್ತು ವರ್ಷ ಈ ಕುಂಕುಮ ನನ್ನ ಕಾದೈತಿ, ಗಂಡ ಕಾಯಲಿಲ್ಲ, ದೈವ ಕಾಯಲಿಲ್ಲ. ಅದನ್ನ ನಾ ಒರಸೂದಿಲ್ಲ. ಯಾರರ ಒರಸಾಕ ಬರ್ಲಿ, ನೋಡೂಣು."

ಆಕೆ ಹೇಳಿದ್ದು ಇಷ್ಟು. ನಾನು ಆಕೆಯದು ಕೂಸಿನ ಮನಸ್ಸು ಎಂದು ಬರೆದಿದ್ದೆ. ಆ ಕಾಗದ ನಿನ್ನಲ್ಲಿದ್ದರೆ ಆ ಸಾಲು ಹೊಡೆದುಹಾಕು. ಎಮ್ಮೆ ಈಗ ಮೇಯುತ್ತಿದೆ.

ಜಯಪಾಲ


ಪುಣೆ
೧೪ ಫೆಬ್ರುವರಿ ೧೯೩೭

ಅವ್ವಾ,

ನಿನ್ನ ಕಾಗದ ಓದಿ ಒಂದು ದಿನ ತರಗತಿಗೆ ಹೋಗಲಿಲ್ಲ. ಬದುಕಿದ ಸಿಪಾಯಿಗಳೆಲ್ಲ ಯುದ್ಧ ಮುಗಿದೊಡನೆ ಮರಳಿದ್ದರು, ಅಪ್ಪ ಇಲ್ಲವೆಂದು ನನ್ನ ಓದು ನನಗೆ ದಸರೆಯ ಹೊತ್ತಿಗೇ ಹೇಳಿತ್ತು. ನಿನಗೆ ಗೊತ್ತಾಗಬಾರದೆಂದು ನಾನು ಮುಚ್ಚಿಟ್ಟೆ, ನನಗೆ ಗೊತ್ತಾಗಬಾರದೆಂದು ನೀನು ಮುಚ್ಚಿಟ್ಟೆ. ಒಬ್ಬರನ್ನೊಬ್ಬರು ಕಾಯುತ್ತ ಕೂತಿದ್ದೆವು. ಅತ್ತದ್ದು ಸಾಕೆನ್ನಿಸಿದ ಮೇಲೆ ನಕಾಶೆ ಬಿಡಿಸಿದೆ.

ಲಕ್ಕಪ್ಪ ಕಾಕಾ ಹೇಳಿದ ರಾಸಲೈನು ರೈಲಿನ ಲೈನಲ್ಲ ಅವ್ವಾ. ಅದೂ ಒಂದು ಊರು. ರಾಸ್ ಅಲ್ ಐನ್. ಬಗದಾದಿನ ಹಾದಿ ಅಂದು ಅಲ್ಲಿಯವರೆಗೆ ಬಂದು ನಿಂತಿತ್ತು, ನಮ್ಮ ಸಿಪಾಯಿಗಳನ್ನು ಅಲ್ಲಿಯೇ ಇಟ್ಟಿದ್ದರು. ಅರಬಿಯಲ್ಲಿ ಆ ಹೆಸರಿಗೆ ನೀರಿನ ಬುಗ್ಗೆಯ ತಲೆ ಎಂದು ಅರ್ಥ. ಅಷ್ಟು ಮರಳು ದಾಟಿ ಅಪ್ಪ ಮಲಗಿದ್ದು ನೀರಿರುವ ಊರಿನಲ್ಲಿ. ಇದನ್ನು ನಿನಗೆ ಹೇಳಬೇಕೆನಿಸಿತು.

ಅಪ್ಪನ ಹೆಸರು ಬರೆದೆ. ಕೆಳಗೆ ಆಧಾರ ಹಾಕಬೇಕಲ್ಲ, 'ಹೇಳಿದವರು: ಸತ್ತೆವ್ವ, ಮಮದಾಪುರ' ಎಂದು ಹಾಕಿದೆ. ಪ್ರೊಫೆಸರರು ಅಲ್ಲಿ ಕೆಂಪು ಗೀಟು ಎಳೆದರು. "ಅಕ್ಷರ ಬಾರದ ಹೆಂಗಸಿನ ಮಾತು ಆಧಾರವಾಗುವುದಿಲ್ಲ" ಎಂದರು. "ಅಕ್ಷರ ಬಂದವರು ಯಾರೂ ಅವನ ಹೆಸರು ಬರೆಯಲಿಲ್ಲ ಸರ್. ಈ ಸಾಲು ಹೊಡೆಯುವುದಾದರೆ ಪ್ರಬಂಧವನ್ನೇ ಹೊಡೆಯಿರಿ, ನಾನು ಊರಿಗೆ ಹೋಗುತ್ತೇನೆ" ಎಂದೆ. ಅವರು ಕನ್ನಡಕ ಒರೆಸುತ್ತ ಕೂತಿದ್ದಾರೆ. ಏನು ಮಾಡುತ್ತಾರೋ ಗೊತ್ತಿಲ್ಲ. ಪದವಿ ಹೋದರೆ ಹೋಗಲಿ, ಸಾಲು ಉಳಿಯುತ್ತದೆ.

ಕಾಗದದ ಜೊತೆ ಇಲ್ಲಿನ ತುಳಸಿಬಾಗೆ ಪೇಟೆಯಿಂದ ತಂದ ಕುಂಕುಮದ ಪೊಟ್ಟಣ ಕಳಿಸಿದ್ದೇನೆ. ಅಂಗಡಿಯವನು ಯಾರಿಗೆ ಎಂದು ಕೇಳಿದ. ನಮ್ಮವ್ವನಿಗೆ ಎಂದೆ. ಒಳ್ಳೆಯ ಬಣ್ಣ ಬರುತ್ತದೆ.

ಸಣ್ಣದಾಗಿ ಹಚ್ಚಿಕೊಳ್ಳಬೇಡ.

ಗುಡ್ಡಿ